ಪೇಪರ್ ಜಾಮ್

ಕೋರ್ಟು ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ಜೆರಾಕ್ಸ್ ತೆಗೆದ ಕೈ ಇದು.
ಆರ್‌ಟಿಸಿ, ಜಾಮೀನು, ಡೈವೋರ್ಸು, ಮರಣಪತ್ರ,
ಐವತ್ತು ಪೈಸೆಯ ಕಾಲದಿಂದ ಎರಡು ರೂಪಾಯಿವರೆಗೆ
ಒಂದನ್ನೂ ಓದಲಿಲ್ಲ. ಓದಬಾರದು,
ಅದು ಅಂಗಡಿಯ ಮರ್ಯಾದೆ.

ಈಗ ಎಡಮೊಲೆಯೊಳಗೆ ಯಾರೋ
ನನ್ನನ್ನು ಕೇಳದೆ ಒಂದು ಮೆಷಿನು ಇಟ್ಟಿದ್ದಾರೆ.
ಕರೆಂಟು ಹೋದರೂ ನಿಲ್ಲುವುದಿಲ್ಲ,
ಆದಿತ್ಯವಾರವೂ ಬಾಗಿಲು ಹಾಕುವುದಿಲ್ಲ.
ಒಂದು ಎರಡಾಗಿ, ಎರಡು ನಾಲ್ಕಾಗಿ
ಯಾವ ನೋಟರಿಯೂ ಸೀಲು ಒತ್ತದ ಪ್ರತಿಗಳು.

ಅತ್ತಾವರದ ಡೇ ಕೇರ್, ನಾಲ್ಕನೇ ಕುರ್ಚಿ.
ಸಿಸ್ಟರ್ ಸುಜಯಾ ಕೆಂಪು ಸಿರಿಂಜು ಹಿಡಿದು
ಗಡಿಯಾರ ನೋಡುತ್ತ ತಳ್ಳುತ್ತಾಳೆ, ನಿಧಾನ.
"ಐಸು ಬಾಯಲ್ಲೇ ಇರಲಿ, ಬಾಯಮ್ಮ."
ಮುರಕಲ್ಲು ಅರೆದು ಸೋಸಿದ ಹಾಗಿನ ಬಣ್ಣ.

ಮಣ್ಣಿನಿಂದಲೇ ಬಂದದ್ದಂತೆ.
ಹುಳವಲ್ಲ, ಬೂಸ್ಟಲ್ಲ, ಇನ್ನೂ ಸಣ್ಣ ಒಂದು ಜೀವ
ನೆರೆಯವರು ಹತ್ತಿರ ಸುಳಿಯದಂತೆ ಬಸಿದುಕೊಂಡ ವಿಷ.

ಡಾಕ್ಟರು ಚೀಟಿಯ ಹಿಂದೆ ತಿರುಚಿದ ಏಣಿಯೊಂದನ್ನು ಬರೆದರು,
ಎರಡು ಮೆಟ್ಟಿಲ ನಡುವೆ ಪೆನ್ನಿನ ತುದಿ ತೂರಿಸಿದರು:
"ಇಲ್ಲಿ ಹೋಗಿ ಕೂರುತ್ತದೆ.
ಸಿಕ್ಕು ಬಿಡಿಸಲೆಂದು ನೂಲು ಕತ್ತರಿಸಿ
ಮತ್ತೆ ಹೊಸೆಯುವ ಆಳು ಒಬ್ಬನಿದ್ದಾನೆ ಒಳಗೆ;
ಕತ್ತರಿಸಲು ಬಿಡುತ್ತದೆ, ಹೊಸೆಯಲು ಬಿಡುವುದಿಲ್ಲ.
ಓದಲಾಗದ ಮೇಲೆ ನಕಲು ಎಲ್ಲಿಂದ?
ನಕಲಿಲ್ಲದೆ ಕೋಶ ಎರಡಾಗುವುದು ಹೇಗೆ?"

ಗೊತ್ತಾಯಿತು ಅಂದೆ. ಪೇಪರ್ ಜಾಮ್.
ಅವರು ನಗಲಿಲ್ಲ. ಹೌದು ಅಂದರು.

ಆದರೆ ಡಾಕ್ಟರೇ, ಬಿಲ್ಡಿಂಗಿನ ಬೇರೆ ಮೆಷಿನುಗಳು?
ಕೂದಲಿನದ್ದು, ನಾಲಿಗೆಯದ್ದು, ರಕ್ತದ್ದು?
ಉತ್ತರ ಹದಿನೇಳನೇ ದಿನ ಬಾಚಣಿಗೆಯಲ್ಲಿ ಬಂತು.
ಅದಕ್ಕೂ ಮೊದಲು, ಆ ಸಂಜೆಯೇ, ಕಕ್ಕಸಿನಲ್ಲಿ ಕೆಂಪು.
ಹೆದರಬೇಡಿ ಎಂದು ಹೇಳಿಯೇ ಇದ್ದರು.
ಹೆದರಿದೆ.
ಹೃದಯಕ್ಕೂ ಒಂದು ಲೆಕ್ಕವಂತೆ, ಜನ್ಮಕ್ಕೆ ಇಷ್ಟೇ ಮಿಲಿಗ್ರಾಂ,
ಅದರಾಚೆ ಅದು ಸಾಲ ಕೊಡುವುದಿಲ್ಲ.

ಅಂಗಡಿಯಿಂದ ನೌಫಲನ ಫೋನು:
"ಬಾಯಮ್ಮ, ಮೆಷಿನ್ ನಿಂತಿದೆ.
ಒಳಗೆಲ್ಲೋ ಹರಿದ ಚೂರು ಸಿಕ್ಕಿದೆ, ವಕೀಲರು ಬೈತಾ ಇದ್ದಾರೆ."
ಇಪ್ಪತ್ತಾರು ವರ್ಷ ಈ ಮಾತಿಗೆ
ಊಟದಿಂದ ಎದ್ದು ಓಡಿದವಳು,
ಬಿಸಿ ರೋಲರಿಗೆ ಬೆರಳು ಸುಟ್ಟುಕೊಂಡು
ಚೂರು ಎಳೆದವಳು ನಾನು.

ಕೆಂಪು ಇನ್ನೂ ಒಂದು ಇಂಚು ಉಳಿದಿತ್ತು ಸಿರಿಂಜಿನಲ್ಲಿ.
ಇರಲಿ ಮಾರಾಯ, ಅಂದೆ,
ಸ್ವಲ್ಪ ಹೊತ್ತು ಸಿಕ್ಕಿಕೊಂಡೇ ಇರಲಿ.