ಪಾಲಾ

ಅಂಬೋನಿನ ಹಡಗು ಬೆಳಗಿನ ಜಾವ ನಮ್ಮನ್ನು ಕಕ್ಕಿತು:
ಕೋಳಿಬುಟ್ಟಿ, ಹಾಸಿಗೆ ಸುರುಳಿ, ಅಕ್ಕಿಮೂಟೆ, ಯಾರದೋ ಫ್ರಿಜ್ಜು,
ಅದರ ಬೆನ್ನಿಗೆ ನಾನು.
ಎದುರಿಗೆ ಕತ್ತಲಿಗಿಂತ ಒಂದು ಪಾಲು ಕಪ್ಪಗೆ ಬೆಂಕಿಬೆಟ್ಟ.
‘ಸದ್ಯ ಮಲಗಿದೆ’ ಅಂದ ದೋಣಿಯ ಲಾ ಹಮಿದು,
ತೊಟ್ಟಿಲ ಪಕ್ಕ ನಿಂತು ಮಾತಾಡುವ ದನಿಯಲ್ಲಿ.

ಬಂಡಾ. ಭೂಪಟದಲ್ಲಿ ನೊಣದ ಹಿಕ್ಕೆ.
ಇಷ್ಟಕ್ಕೆ ಅಷ್ಟು ಹಡಗು ಬಂದವೆ?

ಕೋಟೆಯೊಳಗೆ ಮೇಕೆ ಮೇಯುತ್ತಿವೆ.
ಹುಡುಗರ ಚೆಂಡು ತುಕ್ಕುಹಿಡಿದ ಫಿರಂಗಿಗೆ ಬಡಿದು
ಮೈದಾನಕ್ಕೇ ಮರಳುತ್ತದೆ.
‘ನಮ್ಮ ಗೋಲಿಗಿಂತ ಅದೇ ವಾಸಿ, ಒಂದನ್ನೂ ಬಿಡುವುದಿಲ್ಲ.’
ಆಚೆ, ಬಾವಿಯ ಬಳಿ, ನಲವತ್ತು ಯಜಮಾನರ ಹೆಸರು.
ನಲವತ್ತನ್ನೂ ಓದಬೇಕೆಂದೇ ನಿಂತೆ;
ಹನ್ನೊಂದಕ್ಕೆ ಬಿಸಿಲು ನೆತ್ತಿ ಸುಟ್ಟಿತು,
ನೆರಳಿಗೆ ಬಂದೆ.
ಇದನ್ನು ಬರೆಯದಿದ್ದರೆ ಉಳಿದದ್ದೂ ಸುಳ್ಳಾಗುತ್ತದೆ.

ಓದಿಕೊಂಡು ಬಂದದ್ದು ಇಷ್ಟು:
ಹದಿನೈದು ಸಾವಿರ ಮಂದಿ ಇದ್ದರಂತೆ,
ಕೆಲವೇ ತಿಂಗಳಲ್ಲಿ ಸಾವಿರ ಉಳಿದರಂತೆ.
ಕಡಿದರಂತೆ, ಕಟ್ಟಿ ಸಾಗಿಸಿದರಂತೆ,
ಬೆಟ್ಟದಂಚಿನಿಂದ ಕೆಲವರು ತಾವೇ ಹಾರಿದರಂತೆ.
ಎಂಥ ಗಟ್ಟಿ ಪ್ರತ್ಯಯ ಈ ಅಂತೆ!
ಅಷ್ಟು ಜನರನ್ನು ಹೊತ್ತೂ
ಅದರ ಬೆನ್ನು ಬಾಗುವುದಿಲ್ಲ.

ತೋಟದಲ್ಲಿ ವಾ ಸಾವೋನಾ
ಬಿದಿರ ಗಳುವಿನ ತುದಿಯ ಬುಟ್ಟಿಯಿಂದ
ಎಲೆ ಅಲುಗದಂತೆ ಒಂದು ಹಣ್ಣು ಇಳಿಸಿದಳು.
ಎರಡಾಗಿ ಬಿರಿದ ತೊಗಟೆ, ಒಳಗೆ ಕಪ್ಪು ಮಿನುಗುವ ಕಾಯಿ,
ಮೇಲೆ ಒದ್ದೆ ಕೆಂಪು ಜಾಪತ್ರೆ.
ರಕ್ತ ಅನ್ನಬಾರದೆಂದು ನಾಲಗೆ ಕಚ್ಚಿಕೊಂಡೆ,
ಬಂದವರೆಲ್ಲ ಅದನ್ನೇ ಅನ್ನುತ್ತಾರೆ.
‘ಲಿಪ್‌ಸ್ಟಿಕ್’ ಅಂದಳು ಅವಳು, ತುಟಿಗೆ ಒತ್ತಿ,
ಅರವತ್ತರ ಮುಖ ಓರೆ ಮಾಡಿ.

ಹೆಸರೇನು ಇದರದ್ದು?
‘ಪಾಲಾ.’
ನನಗೆ ಫಲ ಎಂದು ಕೇಳಿಸಿತು,
ಆಮೇಲೆ ಪಾಲು ಎಂದು,
ಆಮೇಲೆ ಇಡೀ ವಾಕ್ಯವೇ ಕೇಳಿಸಿತು: ಯಾರ ಪಾಲಾಯಿತು?
ಅಲ್ಲ, ಈ ಊರಿನ ಹಳೆಯ ಮಾತಿನಲ್ಲಿ?
‘ಅದು ದೋಣಿ ಹತ್ತಿ ಕೇಯ್ ದ್ವೀಪಕ್ಕೆ ಹೋಯಿತು,
ತಪ್ಪಿಸಿಕೊಂಡವರ ಮಕ್ಕಳು ಅಲ್ಲಿ ಇನ್ನೂ ಆಡುತ್ತಾರೆ.
ಇಲ್ಲಿ ಮರ ಉಳಿಯಿತು.
ಮರಕ್ಕೆ ಆಳು ಬೇಕಿತ್ತು, ತಂದರು.
ನನ್ನ ಮುತ್ತಜ್ಜ ಬುಟೋನಿನವನು,
ಗಂಡನ ಕಡೆಯವರು ಜಾವಾದವರು, ಒಬ್ಬಳು ಎಲ್ಲಿಯವಳೋ.’
ಹಾಗಾದರೆ ಇಲ್ಲಿಯವರು ಯಾರು?
ಕತ್ತೆತ್ತಿ ಮರ ತೋರಿಸಿದಳು.
ಕೊಂಚ ಯೋಚಿಸಿ, ‘ಪಾರಿವಾಳ ಕೂಡ’ ಅಂದಳು.

ನಮ್ಮಜ್ಜಿಯ ಸಾಣೆಕಲ್ಲಿನ ಗುಳಿ ನೆನಪಾಯಿತು.
ಹಾಲಿನಲ್ಲಿ ಎರಡೇ ಸುತ್ತು ತೇದು,
ಮೂರನೆಯದು ಅಮಲು ಎಂದು ಗದರಿ,
ಅಳುವ ಕೂಸಿನ ನಾಲಗೆಗೆ ಸವರುತ್ತಿದ್ದಳು.
ಆ ಕಾಯಿ ಕೇರಳದ್ದೇ ಇರಬಹುದು,
ಅದರ ತಾಯ ತಾಯ ತಾಯಿ ಮಾತ್ರ ಈ ಮಣ್ಣಿನದು.
ಎಂಟು ಮೊಮ್ಮಕ್ಕಳು ನಾವು,
ಇಲ್ಲಿಂದ ಹೋದ ನಿದ್ದೆಯನ್ನು ಮಲಗಿದವರು.

ಅದನ್ನು ಅವಳಿಗೆ ಹೇಳಲು ನನ್ನ ಮಲಯ್ ಸಾಲಲಿಲ್ಲ.
ಕೈ ಜೋಡಿಸಿ ಕೆನ್ನೆಗಿಟ್ಟು ಮಲಗಿ ತೋರಿಸಿದೆ.
ನನಗೆ ದಣಿವೆಂದು ತಿಳಿದು ಚಾಪೆ ಹಾಸಿದಳು.
ಮಲಗಿದೆ.

ಎದ್ದಾಗ ಜಾಪತ್ರೆ ಅಂಗಳದಲ್ಲಿ ಒಣಗುತ್ತಾ ಕಿತ್ತಳೆಗೆ ತಿರುಗಿತ್ತು.
‘ನಿಮ್ಮಲ್ಲಿ ಏನಂತೀರಿ?’
ಜಾಯಿಕಾಯಿ.
ಎರಡು ಸಲ ಬಾಯಲ್ಲಿ ಹೊರಳಿಸಿ ನಕ್ಕಳು:
‘ಉದ್ದವಾಯಿತು.
ಕರೆದು ಮುಗಿಸುವಷ್ಟರಲ್ಲಿ ಪಾರಿವಾಳ ನುಂಗಿರುತ್ತದೆ.’

ವಾಪಸು ಹಡಗು ಐದು ಗಂಟೆ ತಡ.
ಕಟ್ಟೆಯ ಮೇಲೆ ಊರೇ ಉರುಳಿಕೊಂಡಿದೆ.
ಅವಳು ಸಕ್ಕರೆ ಹಚ್ಚಿದ ಪಾಲಾ ಪೊಟ್ಟಣ ಮಾರುತ್ತಾ ಬಂದಳು,
ಪರಿಚಯವೆಂದು ಒಂದು ರೂಪಾಯಿ ಬಿಡಲಿಲ್ಲ.
ಮೂರು ಕೊಂಡೆ.
ಚಿಲ್ಲರೆಗೆ ಬದಲು ಒಂದು ಒಣಕಾಯಿ ಕೈಗಿಟ್ಟಳು.
ಕಿವಿಯ ಹತ್ತಿರ ಅಲ್ಲಾಡಿಸಿದೆ:
ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಏನೋ ಕುಟುಕುಟು,
ಕದ ತಟ್ಟಿದಂತಲ್ಲ,
ಯಾರೋ ಜೇಬಿನಲ್ಲಿ ಬೀಗದ ಕೈ ಹುಡುಕಿದಂತೆ.