ಸ್ಟಾಪ್‌ವಾಚ್ ಈಗ ಅವಳ ಕೈಯಲ್ಲಿ

ಕುತಾಯಿಸಿಯ ಆಸ್ಪತ್ರೆ, ಮೂರನೇ ಮಹಡಿ.
ಮೂವತ್ತು ಮೀಟರ್ ಕಾರಿಡಾರ್.
ಆ ತುದಿಗೊಂದು ಕಿತ್ತಳೆ ಶಂಕು, ಈ ತುದಿಗೊಂದು.
"ಆರು ನಿಮಿಷ, ಮೇಷ್ಟ್ರೇ. ಓಡುವಂತಿಲ್ಲ.
ಆದಷ್ಟು ದೂರ ನಡೆಯಿರಿ. ಸುಸ್ತಾದರೆ ನಿಲ್ಲಬಹುದು,
ಗಡಿಯಾರ ಮಾತ್ರ ನಿಲ್ಲುವುದಿಲ್ಲ."

ಓಡುವಂತಿಲ್ಲವಂತೆ!
ಮೂವತ್ತೆಂಟು ವರ್ಷ ಒಂದು ಊರಿನ ಮಕ್ಕಳನ್ನೆಲ್ಲ
ಓಡಿಸಿದವನಿಗೆ.

ಚಿಯಾತುರಾದ ಶಾಲೆ. ಮುಚ್ಚಿದ ಕಿಟಕಿಯ ಸಂದಿಯಲ್ಲೂ
ಮ್ಯಾಂಗನೀಸಿನ ಕರಿಧೂಳು ನುಸುಳುತ್ತಿತ್ತು;
ಬೆಳಿಗ್ಗೆ ಒರೆಸಿದ ನೆಲದಲ್ಲಿ ಮಧ್ಯಾಹ್ನಕ್ಕೆ
ಯಾರ ಹೆಜ್ಜೆ ಯಾವುದೆಂದು ಹೇಳಬಲ್ಲವನಾಗಿದ್ದೆ.
ಕೊರಳಲ್ಲಿ ಸೀಟಿ, ಕಂಕುಳಲ್ಲಿ ಕಂದು ರಟ್ಟಿನ ಪುಸ್ತಕ:
ನಿಂತಲ್ಲಿಂದ ಜಿಗಿತ, ಗೇಲಾ, ಎರಡು ಮೀಟರ್ ಹನ್ನೊಂದು.
ಕಂಬಿಗೆ ಜೋತದ್ದು, ನೂನು, ಐವತ್ಮೂರು ಸೆಕೆಂಡು;
ಇಳಿದಾಗ ಅಂಗೈ ಸುಲಿದಿತ್ತು, ಅತ್ತಿರಲಿಲ್ಲ.
ಕಾಲು ಚಾಚಿ ಕೂತು ಮುಂದಕ್ಕೆ ಬಾಗು ಅಂದರೆ
ಗಣಿ ಕೆಲಸದವನ ಮಗ ಮುರ್ತಾಜ್‌ನ ಬೆರಳು
ಮೊಣಕಾಲು ದಾಟಲಿಲ್ಲ.
ತ್ಸಿಯಾಲಾ: ಸಾಲದು. ಸಾಲದು. ಸಾಲದು.

ಇಪ್ಪತ್ತು ಮೀಟರ್ ಗೆರೆಗಳ ನಡುವೆ ಸೀಟಿಗೆ ಸರಿಯಾಗಿ
ಓಡಿ ತಿರುಗುವ ಪರೀಕ್ಷೆ. ಸೀಟಿ ಚುರುಕಾಗುತ್ತ ಹೋಗುತ್ತದೆ,
ಮಕ್ಕಳು ಒಬ್ಬೊಬ್ಬರಾಗಿ ಉದುರುತ್ತಾರೆ.
ಎರಡನೇ ಹಂತಕ್ಕೇ ಅವಳು ಗೋಡೆ ಹಿಡಿದು ನಿಂತಳು.
"ಬಿಡಮ್ಮಾ, ನೀನು ಹಿಡಿಯದಿದ್ದರೂ ಅದು ಬೀಳಲ್ಲ," ಅಂದೆ.
ಇಡೀ ತರಗತಿ ನಕ್ಕಿತು.
ಒಳ್ಳೆಯ ಮಾತಾಡಿದೆನೆಂದು ನಾನೂ ನಕ್ಕೆ.

ಅವಳು ಕತ್ತಿಗೆ ಎರಡು ಬೆರಳಿಟ್ಟುಕೊಂಡು ಏನೋ ಎಣಿಸುತ್ತಿದ್ದಳು.
"ಓಡಿದ ಮೇಲೆ ಎದೆ ತನ್ನ ಜಾಗಕ್ಕೆ ವಾಪಸು ಬರಲು
ಎಷ್ಟು ಹೊತ್ತು ಬೇಕು, ಮೇಷ್ಟ್ರೇ?"
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.
ಹೋಗಿ ನೀರು ಕುಡಿ, ಅಂದೆ.

ಎರಡನೇ ಸುತ್ತು.
ಬಲಗಾಲು ನನ್ನದೇ. ಎಡಗಾಲು ಯಾರೋ ಬಾಡಿಗೆಗೆ ಕೊಟ್ಟದ್ದು,
ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕು.
ಮೂರು ವಾರದ ಹಾಸಿಗೆ ಸಾಕಾಯಿತು,
ನಲವತ್ತು ವರ್ಷದ ಮೀನಖಂಡ
ಎಲೆ ಕಳಚಿದ ದ್ರಾಕ್ಷಿಬಳ್ಳಿಯ ಕಾಂಡವಾಗಲು.
ನಾನೇ ಬರೆಸಿದ್ದಲ್ಲವೇ, ವರ್ಷಾ ವರ್ಷಾ ಅದೇ ವಾಕ್ಯ:
ಭಾರವನ್ನು ಒಂದಿಷ್ಟೊಂದಿಷ್ಟೇ ಏರಿಸು.
ಬಿಟ್ಟರೆ ಬಂದದ್ದೆಲ್ಲ ಹೋಗುತ್ತದೆ.
ಸ್ನಾಯು ಬಲಿಯುವುದು ಎತ್ತುವಾಗಲ್ಲ, ಎತ್ತಿ ಮಲಗಿದಾಗ.
ಈ ಕೊನೆಯದನ್ನು ಮಾತ್ರ ಬೇಗ ಬೇಗ ಓದಿ ಮುಗಿಸುತ್ತಿದ್ದೆ,
ಸೋಮಾರಿಗಳ ಕಿವಿಗೆ ಬೀಳದಿರಲಿ ಎಂದು.

"ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ನಾಲ್ಕು ನಿಮಿಷ."
"ಹೀಗೇ ಮುಂದುವರಿಸಿ. ಇನ್ನು ಮೂರು ನಿಮಿಷ."
ಏರದ, ಇಳಿಯದ ದನಿ.
ಹೊಗಳುವಂತಿಲ್ಲ, ಗದರುವಂತಿಲ್ಲ,
ಎಲ್ಲ ರೋಗಿಗಳಿಗೂ ಅವೇ ಮಾತು, ಅದೇ ನಿಯಮ.
ನನಗಿಂತ ಮುಂದೆ ನಡೆಯುವುದೂ ಇಲ್ಲ ಅವಳು,
ನಾನು ಅವಳ ವೇಗಕ್ಕೆ ಬೀಳಬಾರದಂತೆ.
ಬೆನ್ನ ಹಿಂದೆ ರಬ್ಬರ್ ಚಪ್ಪಲಿಯ ಸಣ್ಣ ಸದ್ದು.
ಗದರಬಾರದೇ ಒಮ್ಮೆ!
ಗದರಿದರೆ ಇನ್ನೊಂದು ಸುತ್ತು ನಡೆದೇನು.

ನಾಲ್ಕನೇ ಸುತ್ತಿನಲ್ಲಿ ಗೋಡೆ ಹಿಡಿದೆ.
ತಣ್ಣಗಿತ್ತು. ಹಸಿರು ಎಣ್ಣೆಬಣ್ಣ, ಅಲ್ಲಲ್ಲಿ ಸಿಪ್ಪೆ ಎದ್ದಿದೆ.
ಕಾದೆ. ಆ ಮಾತು ಬರುತ್ತದೆಂದು ಕಾದೆ.
ಅದನ್ನು ಹೇಳುವ ಹಕ್ಕು ಅವಳಿಗಿತ್ತು.

ಅವಳು ಕಾಗದದ ಮೇಲೆ ಒಂದು ಗೀಟು ಹಾಕಿ,
"ಆಗುತ್ತದೆ ಅನ್ನಿಸಿದಾಗ ಹೊರಡಿ," ಅಂದಳು.

ಹೊರಟೆ.

"ನಿಲ್ಲಿ."
ನಿಂತಲ್ಲಿಗೇ ಕುರ್ಚಿ ಬಂತು. ಮಣಿಕಟ್ಟಿಗೆ ಎರಡು ಬೆರಳು.
ಯಂತ್ರ ಬೆರಳಿಗೆ ಕಚ್ಚಿಯೇ ಇತ್ತು, ಅಂಕಿ ತೋರಿಸುತ್ತಿತ್ತು,
ಆದರೂ ಅವಳು ಎಣಿಸಿದಳು, ತುಟಿ ಅಲುಗಿಸದೆ.
ಒಂದು ನಿಮಿಷ. ಮತ್ತೊಂದು.
ನನ್ನ ಎದೆ ದಾರಿ ಹುಡುಕಿಕೊಂಡು
ಮೆಟ್ಟಿಲಿಳಿದು ಬರುವವರೆಗೂ.
ಬರೆದಳು. ಅವಳ ಕಾಗದದಲ್ಲಿ ಅದಕ್ಕೊಂದು ಕಾಲಮ್ ಇದೆ.

"ನೂರ ಎಂಬತ್ತೇಳು ಮೀಟರ್."
"ಸಾಲದು," ಅಂದೆ.
"ಹೋದ ವಾರ ನೂರ ನಲವತ್ತು."
"ನಾಳೆ ಇನ್ನೂರು ಮಾಡುತ್ತೇನೆ."
"ನಾಳೆ ವಿಶ್ರಾಂತಿ. ನೀವೇ ಬರೆಸಿದ್ದು.
ಬೇಗ ಓದುತ್ತಿದ್ದಿರಿ, ಆದರೂ ಬರೆದುಕೊಂಡಿದ್ದೆ."

ಶಂಕುಗಳನ್ನು ಒಂದರೊಳಗೊಂದು ಸೇರಿಸಿ ಅವಳು ಹೋದಳು.
ಅಷ್ಟು ಹೊತ್ತೂ ಬಕೆಟ್ ಹಿಡಿದು ಕಾದಿದ್ದ ಲಾಮಾರಾ
ಆ ತುದಿಯಿಂದ ನೆಲ ಒರೆಸುತ್ತ ಬಂದಳು,
ಒಂದು ಹೆಜ್ಜೆ, ಪಕ್ಕದಲ್ಲಿ ಒಂದು ಎಳೆದ ಗೆರೆ,
ಒಂದು ಹೆಜ್ಜೆ, ಒಂದು ಗೆರೆ.