ಮೂರು ಮೀಟರ್ ತಂತಿ

ಬೆಳ್ಳಿ ತಂತಿಯೇ ಬೇಕಂತೆ ಮುಹರ್ರಕ್‌ನ ಗಿರಾಕಿಗೆ,
ಊದ್ ನುಡಿಸುವವನ ಉಸಿರೂ ಕೇಳಬೇಕಂತೆ.
ಲಿಗೋರಿ ಹಳೆಯದನ್ನು ಬ್ಲೇಡಿಟ್ಟು ಸುಲಿದ:
ಮೇಲೆ ತಾಮ್ರದ ಮುಲಾಮು, ಗೀರಿದರೆ
ಒಳಗೆ ಬಿಳಿಚಿದ ಅಲ್ಯೂಮಿನಿಯಂ.

'ಇಷ್ಟುದ್ದಕ್ಕೆ ಬೆಳ್ಳಿಯೂ ಅಷ್ಟೆ, ತಾಮ್ರವೂ ಅಷ್ಟೆ.
ನಿಮ್ಮ ಕಿವಿಗೂ ತಿಳಿಯದು, ನನ್ನ ಕಿವಿಗೂ.
ತಿಳಿಯುವುದು ಮನಾಮದ ಉಪ್ಪುಗಾಳಿಗೆ.'
ತೋರಿಸಿದ: ಬೆಸುಗೆ ಬಿಟ್ಟಲ್ಲಿ ಹಸಿರು ಕಿಲುಬು.

ಸಂಜೆ, ಅಪ್ಪಟ ತಾಮ್ರದ ಎರಡೆಳೆ
ಬಿಗಿಯಾಗಿ ಹೊಸೆದ.
ಏಸಿಯ ಗುಂಯ್ ಎರಡಕ್ಕೂ ಸಮನಾಗಿ ಹೊಕ್ಕು
ಕೊನೆಯಲ್ಲಿ ಒಂದನ್ನೊಂದು ಅಳಿಸಬೇಕು.
ಎಂಟು ಮಂಚದ ಅವನ ಕೋಣೆಯಲ್ಲಿ
ಗೊರಕೆಗಳು ಹಾಗೆ ಅಳಿಯುವುದಿಲ್ಲ.

ಹಾಡು ಹಾಕಲಿಲ್ಲ.
ವಾಲ್ಯೂಮ್ ಪೂರ್ತಿ ತಿರುಗಿಸಿ
ಸ್ಪೀಕರಿಗೆ ಕಿವಿಯಿಟ್ಟ.
ಏನಿಲ್ಲ.
ಏನೂ ಇಲ್ಲ.

ಬಾಗಿಲಲ್ಲಿ ಗಿರಾಕಿ.
'ಇನ್ನೊಂದು ನಿಮಿಷ' ಎಂದು ಕೈಸನ್ನೆ ಮಾಡಿದ,
ಕೆಲಸ ಮುಗಿದಿತ್ತು.